ಹುಂಡಿಯ ದಲ್ಲಾಳಿ ಹೈಮ್ ಸಾಲೊಮನ್

ಮಕ್ಕಳೇ, ನೀವು ದನದ ಸಂತೆಯನ್ನು ನೋಡಿರಬಹುದು. ಎತ್ತು ಮಾರುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ ನಿಂತಿರುತ್ತಾರೆ. ಇಬ್ಬರ ನಡುವೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಮನುಷ್ಯ ಓಡಾಡುತ್ತಾನೆ. ಅವನು ಒಬ್ಬನ ಕೈಯನ್ನು ಟವೆಲ್ಲಿನ ಮರೆಯಲ್ಲಿ ಹಿಡಿದು, ಬೆರಳು ಒತ್ತಿ ಬೆಲೆ ಕೇಳುತ್ತಾನೆ. ಆಮೇಲೆ ಇನ್ನೊಬ್ಬನ ಕೈ ಹಿಡಿಯುತ್ತಾನೆ. ಅವನೇ ದಲ್ಲಾಳಿ. ಎತ್ತು ಅವನದಲ್ಲ, ರೊಕ್ಕವೂ ಅವನದಲ್ಲ. ಆದರೂ ಅವನಿಲ್ಲದೆ ವ್ಯಾಪಾರ ಕುದುರುವುದು ಕಷ್ಟ. ಏಕೆಂದರೆ ಮಾರುವವನಿಗೆ ಕೊಳ್ಳುವವನ ಪರಿಚಯವಿಲ್ಲ. ದಲ್ಲಾಳಿಯ ಪರಿಚಯ ಇಬ್ಬರಿಗೂ ಇದೆ. ಅವನ ಮಾತೇ ಅವನ ಬಂಡವಾಳ. ಕುಂಟೆತ್ತನ್ನು ಒಳ್ಳೆಯದೆಂದು ಹೇಳಿ ಒಮ್ಮೆ ಮಾರಿಸಿದರೆ, ಮುಂದಿನ ಸಂತೆಯಲ್ಲಿ ಅವನ ಟವೆಲ್ಲಿನೊಳಗೆ ಯಾರೂ ಕೈ ಇಡುವುದಿಲ್ಲ.

ಎತ್ತಿನ ವ್ಯಾಪಾರಕ್ಕೆ ದಲ್ಲಾಳಿ ಇರುವಂತೆ ಬೆಲೆಬಾಳುವ ಕಾಗದಗಳ ವ್ಯಾಪಾರಕ್ಕೂ ದಲ್ಲಾಳಿಗಳಿದ್ದಾರೆ. ಹುಂಡಿ, ಸಾಲಪತ್ರ, ಷೇರು, ಇವೆಲ್ಲ ಅಂತಹ ಕಾಗದಗಳು. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಅಂತಹ ದಲ್ಲಾಳಿಯೊಬ್ಬನಿದ್ದನು. ಅವನು ಆ ದೇಶದಲ್ಲಿ ಹುಟ್ಟಿದವನಲ್ಲ. ಅವನ ಕತೆಯನ್ನು ಈಗ ಓದೋಣ.

ಯುರೋಪಿನ ಪೋಲೆಂಡ್ ದೇಶದಲ್ಲಿ ಲೆಷ್ನೊ ಎಂಬ ಊರಿದೆ. ಅಲ್ಲಿ ಸುಮಾರು 1740ರಲ್ಲಿ ಹೈಮ್ ಸಾಲೊಮನ್ ಹುಟ್ಟಿದನು. ಅವನದು ಯೆಹೂದಿ ಮನೆತನ. ಆಗ ಯುರೋಪಿನ ಅನೇಕ ರಾಜ್ಯಗಳಲ್ಲಿ ಯೆಹೂದಿಗಳು ಹೊಲ ಕೊಳ್ಳುವಂತಿರಲಿಲ್ಲ. ಕುಶಲಕರ್ಮಿಗಳ ಸಂಘಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಬಹಳ ಜನ ವ್ಯಾಪಾರವನ್ನೇ ಹಿಡಿದರು. ಸಾಲೊಮನ್ ಹರೆಯದಲ್ಲಿಯೇ ಊರು ಬಿಟ್ಟು ಯುರೋಪಿನ ದೇಶಗಳಲ್ಲಿ ತಿರುಗಿದನು. ತಿರುಗಿದಲ್ಲೆಲ್ಲ ಎರಡು ಸಂಗತಿಗಳನ್ನು ಕಲಿತನು. ಒಂದು, ಒಂದು ದೇಶದ ನಾಣ್ಯಕ್ಕೆ ಇನ್ನೊಂದು ದೇಶದಲ್ಲಿ ಎಷ್ಟು ಬೆಲೆ ಎಂಬುದು. ಇನ್ನೊಂದು, ಅಲ್ಲಿನ ಜನರ ಭಾಷೆ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೊದಲಾದ ಹಲವು ಭಾಷೆಗಳು ಅವನಿಗೆ ಬರುತ್ತಿದ್ದವು.

ಇದು ನಿಮಗೆ ಅಚ್ಚರಿ ಎನಿಸಲಿಕ್ಕಿಲ್ಲ. ನಿಮ್ಮಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ, ಸೊಲ್ಲಾಪುರದ ಪೇಟೆಗೆ ಹೋದಾಗ ಹಿಂದಿ, ತೆಲುಗು ಕೇಳುತ್ತಾ ಬೆಳೆದವರು. ಗಡಿಯ ಊರುಗಳಲ್ಲಿ ಅಂಗಡಿಕಾರನು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವುದನ್ನು ನೀವು ದಿನವೂ ಕಾಣುತ್ತೀರಿ. ಸಾಲೊಮನ್ನನಿಗೆ ಈ ವಿದ್ಯೆ ವ್ಯಾಪಾರಕ್ಕೆ ಒದಗಿತು. ಒಂದು ಸಲ ಅದು ಅವನನ್ನು ಸೆರೆಮನೆಯಿಂದಲೂ ಹೊರಗೆ ತಂದಿತು.

ಸುಮಾರು 1775ರ ಹೊತ್ತಿಗೆ ಅವನು ಹಡಗು ಹತ್ತಿ ಅಮೆರಿಕದ ನ್ಯೂಯಾರ್ಕಿಗೆ ಬಂದನು. ಆಗ ಅಲ್ಲಿ ಬ್ರಿಟನ್ನಿನ ಆಡಳಿತಕ್ಕೆ ಒಳಪಟ್ಟ 13 ವಸಾಹತುಗಳಿದ್ದವು. ತಮ್ಮನ್ನು ಕೇಳದೆ ತೆರಿಗೆ ಹಾಕುವ ಬ್ರಿಟನ್ನಿನ ಮೇಲೆ ಅಲ್ಲಿನ ಜನ ಸಿಟ್ಟಾಗಿದ್ದರು. 1775ರ ಏಪ್ರಿಲಿನಲ್ಲಿ ಯುದ್ಧ ಆರಂಭವಾಯಿತು. 1776ರ ಜುಲೈ 4ರಂದು ಅವರು ಸ್ವಾತಂತ್ರ್ಯವನ್ನು ಸಾರಿದರು. ಹೊಸದಾಗಿ ಬಂದ ಸಾಲೊಮನ್ ಸುಮ್ಮನೆ ಕುಳಿತುಕೊಳ್ಳಬಹುದಿತ್ತು. ಅವನು ಅಮೆರಿಕನ್ನರ ಪಕ್ಷ ಹಿಡಿದನು. ಆ ವರ್ಷ ಉತ್ತರದ ಜಾರ್ಜ್ ಸರೋವರದ ಕಡೆಗೆ ಹೋಗಿ, ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಬೇಕಾದ ಸಾಮಾನುಗಳನ್ನು ಒದಗಿಸಿದನು.

ಸೆಪ್ಟೆಂಬರಿನಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ವಶಪಡಿಸಿಕೊಂಡರು. ಕೆಲವೇ ದಿನಗಳಲ್ಲಿ ಊರಿಗೆ ಬೆಂಕಿ ಬಿದ್ದು ನೂರಾರು ಮನೆಗಳು ಸುಟ್ಟುಹೋದವು. ಬ್ರಿಟಿಷರು ಸಂಶಯ ಬಂದವರನ್ನೆಲ್ಲ ಹಿಡಿದರು. ಸಾಲೊಮನ್ನನೂ ಸೆರೆಮನೆ ಸೇರಿದನು.

ಆಗ ಒಂದು ವಿಚಿತ್ರ ನಡೆಯಿತು. ಬ್ರಿಟನ್ನಿನ ರಾಜನು ಈ ಯುದ್ಧಕ್ಕಾಗಿ ಜರ್ಮನಿಯ ಹೆಸ್ಸೆ ಮೊದಲಾದ ಸೀಮೆಗಳಿಂದ ಸೈನಿಕರನ್ನು ಬಾಡಿಗೆಗೆ ತರಿಸಿದ್ದನು. ಅವರಿಗೆ ಇಂಗ್ಲಿಷ್ ಬಾರದು. ನ್ಯೂಯಾರ್ಕಿನ ಅಂಗಡಿಕಾರರಿಗೆ ಜರ್ಮನ್ ಬಾರದು. ದಿನಸಿ ಕೊಳ್ಳುವುದೂ ತಂಟೆಯಾಯಿತು. ಎರಡೂ ಭಾಷೆ ಬಲ್ಲ ಕೈದಿಯೊಬ್ಬನು ಇದ್ದಾನೆಂದು ತಿಳಿದು, ಜರ್ಮನ್ ಸೇನಾಪತಿಯು ಸಾಲೊಮನ್ನನನ್ನು ಸಾಮಗ್ರಿ ಒದಗಿಸುವ ಕೆಲಸಕ್ಕೆ ತೆಗೆದುಕೊಂಡನು. ಸಾಲೊಮನ್ ಅಲ್ಲಿ ವ್ಯಾಪಾರ ಮಾಡಿದನು. ಗುಟ್ಟಾಗಿ ಇನ್ನೊಂದು ಕೆಲಸವನ್ನೂ ಮಾಡಿದನು. ಸೆರೆಸಿಕ್ಕ ಅಮೆರಿಕನ್ ಮತ್ತು ಫ್ರೆಂಚ್ ಸೈನಿಕರಿಗೆ ಹಣ ಕೊಟ್ಟು ತಪ್ಪಿಸಿಕೊಳ್ಳಲು ನೆರವಾದನು. ಜರ್ಮನ್ ಸೈನಿಕರಿಗೆ ಅವರ ಭಾಷೆಯಲ್ಲಿಯೇ ಬುದ್ಧಿ ಹೇಳಿ ಬ್ರಿಟಿಷರ ಸೈನ್ಯ ಬಿಡಿಸಲು ಯತ್ನಿಸಿದನು. ಇದನ್ನು ಅವನೇ ಮುಂದೆ ಒಂದು ಅರ್ಜಿಯಲ್ಲಿ ಬರೆದಿದ್ದಾನೆ.

1777ರಲ್ಲಿ ರೇಚಲ್ ಫ್ರಾಂಕ್ಸ್ ಎಂಬ ಹುಡುಗಿಯೊಡನೆ ಅವನ ಮದುವೆಯಾಯಿತು. ಮರುವರ್ಷ ಗಂಡುಮಗು ಹುಟ್ಟಿತು. ಮಗು ಇನ್ನೂ ಎಳೆಯದು. ಅಷ್ಟರಲ್ಲಿ ಗುಟ್ಟು ಬಯಲಾಯಿತು. ಬ್ರಿಟಿಷರು ತನ್ನನ್ನು ಹಿಡಿಯಲು ಆಜ್ಞೆ ಮಾಡಿದ್ದಾರೆಂಬ ಸುದ್ದಿ ತಿಳಿದು, 1778ರ ಆಗಸ್ಟ್ 11ರಂದು ಅವನು ನ್ಯೂಯಾರ್ಕಿನಿಂದ ತಪ್ಪಿಸಿಕೊಂಡನು. ಹೆಂಡತಿ, ಮಗು, ಅಂಗಡಿ, ಬರಬೇಕಾದ ಬಾಕಿ, ಎಲ್ಲವೂ ಹಿಂದೆ ಉಳಿದವು. ಅಮೆರಿಕನ್ನರ ಕಾಂಗ್ರೆಸ್ ಸಭೆ ಇದ್ದ ಫಿಲಡೆಲ್ಫಿಯಾ ನಗರವನ್ನು ಸೇರಿ, ಅದೇ ತಿಂಗಳು 25ರಂದು ಅವನು ಅರ್ಜಿ ಕೊಟ್ಟನು. ತಾನು ಮಾಡಿದ ಕೆಲಸ, ಕಳೆದುಕೊಂಡ ಆಸ್ತಿ ಎಲ್ಲವನ್ನೂ ವಿವರಿಸಿ, ಏನಾದರೂ ಒಂದು ಉದ್ಯೋಗ ಕೊಡಿ ಎಂದು ಬೇಡಿದನು. ಕಾಂಗ್ರೆಸ್ ಅವನಿಗೆ ಉದ್ಯೋಗ ಕೊಡಲಿಲ್ಲ.

ಅವನು ದಲ್ಲಾಳಿ ಕೆಲಸವನ್ನೇ ಮತ್ತೆ ಹಿಡಿದನು. ಫಿಲಡೆಲ್ಫಿಯಾದ ಫ್ರಂಟ್ ಸ್ಟ್ರೀಟ್ ಬಂದರಿನ ಪಕ್ಕದ ಬೀದಿ. ಅಲ್ಲಿಗೆ ಹತ್ತಿರದಲ್ಲಿ ಒಂದು ಕಾಫಿ ಹೌಸ್ ಇತ್ತು. ಅದು ಬರಿಯ ಕಾಫಿ ಕುಡಿಯುವ ಜಾಗವಾಗಿರಲಿಲ್ಲ. ಹಡಗಿನ ಕಪ್ತಾನರು, ವರ್ತಕರು ಅಲ್ಲಿ ಸೇರುತ್ತಿದ್ದರು. ಯಾವ ಹಡಗು ಬಂತು, ಯಾವುದು ಮುಳುಗಿತು, ಯಾವ ಕಾಗದಕ್ಕೆ ಇಂದು ಎಷ್ಟು ಬೆಲೆ ಎಂಬ ಮಾತು ಅಲ್ಲಿಯೇ ನಡೆಯುತ್ತಿತ್ತು. ಆಗಿನ್ನೂ ಷೇರುಪೇಟೆ ಎಂಬ ಕಟ್ಟಡ ಅಮೆರಿಕದಲ್ಲಿ ಇರಲಿಲ್ಲ. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ 24 ದಲ್ಲಾಳಿಗಳು ಕೂಡಿ ಒಪ್ಪಂದ ಬರೆದುಕೊಂಡದ್ದು 1792ರಲ್ಲಿ. ಅಲ್ಲಿದ್ದ ಒಂದು ಮರದ ಹೆಸರನ್ನೇ ಆ ಒಪ್ಪಂದಕ್ಕೆ ಇಡಲಾಗಿದೆ. ನಮ್ಮ ಮುಂಬಯಿಯ ಷೇರುಪೇಟೆಯೂ ಹೀಗೆಯೇ ಬೆಳೆಯಿತು. 1850ರ ಸುಮಾರಿಗೆ ಟೌನ್ ಹಾಲಿನ ಎದುರು ಆಲದ ಮರದ ಕೆಳಗೆ ದಲ್ಲಾಳಿಗಳು ಸೇರುತ್ತಿದ್ದರು. 1875ರಲ್ಲಿ ಅವರು ಸಂಘ ಕಟ್ಟಿದರು. ದೊಡ್ಡ ದೊಡ್ಡ ಷೇರುಪೇಟೆಗಳ ಬೇರು ಮರದ ನೆರಳಿನಲ್ಲಿದೆ ನೋಡಿ!

ಈಗ ಆ ಕಾಲದ ದೊಡ್ಡ ತೊಂದರೆಯೊಂದನ್ನು ತಿಳಿಯಬೇಕು. ಒಂದು ಹತ್ತು ರೂಪಾಯಿ ನೋಟನ್ನು ತೆಗೆದು ನೋಡಿ. ಅದರಲ್ಲಿ ಹಲವು ಭಾಷೆಗಳ ಸಾಲುಗಳಿವೆ. ನಾಲ್ಕನೆಯ ಸಾಲು ನಮ್ಮ ಕನ್ನಡ. ಇನ್ನೊಂದು ಬದಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯ ಮೇಲೆ ಒಂದು ವಚನ ಅಚ್ಚಾಗಿದೆ: ಈ ನೋಟು ತಂದವರಿಗೆ ಹತ್ತು ರೂಪಾಯಿ ಕೊಡುತ್ತೇನೆ ಎಂದು. ನೋಟು ಎಂದರೆ ಒಂದು ಮಾತು. ಆ ಮಾತನ್ನು ಎಲ್ಲರೂ ನಂಬುವುದರಿಂದ ಅಂಗಡಿಯವನು ಅದಕ್ಕೆ ಬಿಸ್ಕೀಟು ಕೊಡುತ್ತಾನೆ.

ಅಮೆರಿಕದ ಕಾಂಗ್ರೆಸ್ ಕೂಡ ಯುದ್ಧದ ಖರ್ಚಿಗೆ ನೋಟು ಅಚ್ಚು ಹಾಕಿತು. ಆದರೆ ತೆರಿಗೆ ವಸೂಲು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಬೊಕ್ಕಸದಲ್ಲಿ ಬೆಳ್ಳಿ ಇರಲಿಲ್ಲ. ಅಚ್ಚು ಹಾಕುತ್ತಲೇ ಹೋಗಿ ಸುಮಾರು 24 ಕೋಟಿ ಡಾಲರಿನ ನೋಟು ಹೊರಬಂತು. ಮಾತು ಹೆಚ್ಚಾಯಿತು, ನಂಬಿಕೆ ಕಡಿಮೆಯಾಯಿತು. 1781ರ ಹೊತ್ತಿಗೆ ಆ ನೋಟುಗಳನ್ನು ಕೇಳುವವರೇ ಇಲ್ಲದಂತಾಯಿತು. ಸೈನಿಕರಿಗೆ ಸಂಬಳವಿಲ್ಲ, ಬೂಟಿಲ್ಲ. ರೈತರು ಬೆಳ್ಳಿಯ ನಾಣ್ಯ ಕೊಟ್ಟರೆ ಮಾತ್ರ ಹಿಟ್ಟು ಕೊಡುತ್ತೇವೆ ಎಂದರು.

ಆ ವರ್ಷ ರಾಬರ್ಟ್ ಮಾರಿಸ್ ಎಂಬ ವರ್ತಕನನ್ನು ಕಾಂಗ್ರೆಸ್ ಹಣಕಾಸಿನ ಮೇಲ್ವಿಚಾರಕನನ್ನಾಗಿ ಮಾಡಿತು. ಫ್ರಾನ್ಸಿನ ರಾಜನು ಅಮೆರಿಕಕ್ಕೆ ಸಾಲ ಕೊಡಲು ಒಪ್ಪಿದ್ದನು. ಆದರೆ ಹಣ ಇದ್ದುದು ಪ್ಯಾರಿಸಿನಲ್ಲಿ, ಬೇಕಾದುದು ಫಿಲಡೆಲ್ಫಿಯಾದಲ್ಲಿ. ನಡುವೆ ಸಾಗರ, ಸಾಗರದಲ್ಲಿ ಬ್ರಿಟಿಷರ ಯುದ್ಧನೌಕೆಗಳು. ಪೆಟ್ಟಿಗೆಯಲ್ಲಿ ಬೆಳ್ಳಿ ತುಂಬಿ ತರುವುದು ಅಪಾಯ. ಹಾಗಾದರೆ ಏನು ಮಾಡುವುದು?

ನಮ್ಮ ದೇಶದ ಹಳೆಯ ವರ್ತಕರಿಗೆ ಇದರ ಉತ್ತರ ಚೆನ್ನಾಗಿ ಗೊತ್ತಿತ್ತು. ಹುಂಡಿ! ದೇವಸ್ಥಾನದಲ್ಲಿ ಕಾಣಿಕೆ ಹಾಕುವ ಹುಂಡಿಯಲ್ಲ. ಒಂದೂರಿನ ಸಾಹುಕಾರನು ಇನ್ನೊಂದೂರಿನ ಸಾಹುಕಾರನಿಗೆ ಈ ಚೀಟಿ ತಂದವನಿಗೆ ಇಷ್ಟು ಹಣ ಕೊಡು ಎಂದು ಬರೆಯುವ ಪತ್ರ. ಮಾರಿಸನು ಪ್ಯಾರಿಸಿನ ಮೇಲೆ ಇಂತಹ ಹುಂಡಿಗಳನ್ನು ಬರೆದನು. ಫಿಲಡೆಲ್ಫಿಯಾದ ಒಬ್ಬ ಬಟ್ಟೆ ವರ್ತಕನು ಫ್ರಾನ್ಸಿನಿಂದ ಬಟ್ಟೆ ತರಿಸಬೇಕು ಎಂದುಕೊಳ್ಳಿ. ಅವನು ಇಲ್ಲಿ ಬೆಳ್ಳಿ ಕೊಟ್ಟು ಹುಂಡಿ ಕೊಂಡು, ಅದನ್ನು ಅಂಚೆಯಲ್ಲಿ ಫ್ರಾನ್ಸಿಗೆ ಕಳಿಸುತ್ತಾನೆ. ಅಲ್ಲಿನ ಬಟ್ಟೆಯವನು ಅದನ್ನು ತೋರಿಸಿ ಪ್ಯಾರಿಸಿನಲ್ಲಿ ಹಣ ಪಡೆಯುತ್ತಾನೆ. ಇಲ್ಲಿ ಸಿಕ್ಕ ಬೆಳ್ಳಿ ಸೈನ್ಯದ ಖರ್ಚಿಗೆ ಹೋಗುತ್ತದೆ. ಒಂದು ನಾಣ್ಯವೂ ಸಾಗರ ದಾಟಲಿಲ್ಲ, ಕೆಲಸವಾಯಿತು.

ಹೇಳಿದಷ್ಟು ಸುಲಭವೇನೂ ಅಲ್ಲ. ಸೋತುಹೋಗಬಹುದಾದ ಸರಕಾರದ ಹುಂಡಿಯನ್ನು ಯಾರು ಕೊಳ್ಳುತ್ತಾರೆ? ಒಂದೇ ದಿನ ಬಹಳ ಹುಂಡಿ ಪೇಟೆಗೆ ಬಂದರೆ, ಹೆಚ್ಚು ಬಂದ ಈರುಳ್ಳಿಯಂತೆ ಬೆಲೆ ಬಿದ್ದುಹೋಗುತ್ತದೆ. ಯಾವ ವರ್ತಕನ ಬಳಿ ಬೆಳ್ಳಿಯಿದೆ, ಯಾರಿಗೆ ಎಷ್ಟು ದಿನ ಉದ್ದರಿ ಕೊಡಬಹುದು, ಇಂದು ಮಾರುವುದೋ ನಾಳೆ ಮಾರುವುದೋ, ಇದನ್ನೆಲ್ಲ ಬಲ್ಲವನು ಬೇಕು. ಅವನ ಮಾತನ್ನು ಪೇಟೆ ನಂಬಬೇಕು. ಮಾರಿಸನು ಸಾಲೊಮನ್ನನಿಗೆ ಹೇಳಿಕಳಿಸಿದನು.

ಮಾರಿಸನು ದಿನಚರಿ ಬರೆಯುತ್ತಿದ್ದನು. ಅದರಲ್ಲಿ ದಲ್ಲಾಳಿ ಸಾಲೊಮನ್ ಬಂದನು ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಸರಕಾರದ ಹುಂಡಿ ಮಾರಿಸಿಕೊಡಲು ಅವನು ತೆಗೆದುಕೊಳ್ಳುತ್ತಿದ್ದ ದಲಾಲಿ ನೂರಕ್ಕೆ ಅರ್ಧ ಡಾಲರ್. ಎಂದರೆ 200 ಡಾಲರಿನ ಹುಂಡಿ ಮಾರಿದರೆ ಅವನಿಗೆ 1 ಡಾಲರ್. 1782ರ ಜುಲೈಯಲ್ಲಿ ಅವನು ಒಂದು ಅನುಮತಿ ಕೇಳಿದನು: ತನ್ನನ್ನು ಹಣಕಾಸು ಕಚೇರಿಯ ದಲ್ಲಾಳಿ ಎಂದು ಪತ್ರಿಕೆಗಳ ಜಾಹೀರಾತಿನಲ್ಲಿ ಕರೆದುಕೊಳ್ಳಬಹುದೇ ಎಂದು. ಮಾರಿಸನು ಒಪ್ಪಿದನು. ಇದರಿಂದ ಅವನಿಗೆ ಸ್ವಂತಕ್ಕೂ ಲಾಭವಿದೆ, ಸರಕಾರಕ್ಕೆ ನಷ್ಟವೇನಿಲ್ಲ ಎಂಬ ಅರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡನು. ಇಬ್ಬರೂ ವ್ಯಾಪಾರಿಗಳಲ್ಲವೇ! ಸಾಲೊಮನ್ ಸಂನ್ಯಾಸಿಯಾಗಿರಲಿಲ್ಲ. ಲಾಭ ಬೇಕೆಂದು ನೇರವಾಗಿ ಕೇಳುವವನು, ಕೊಟ್ಟ ಮಾತಿಗೆ ತಪ್ಪದವನು.

ಹಣ ತೆಗೆದುಕೊಳ್ಳದ ಸಂದರ್ಭಗಳೂ ಇದ್ದವು. ಜೇಮ್ಸ್ ಮ್ಯಾಡಿಸನ್ ಎಂಬ ತರುಣನು ವರ್ಜೀನಿಯಾ ರಾಜ್ಯದಿಂದ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಬಂದಿದ್ದನು. ಅವನ ರಾಜ್ಯದಿಂದ ಹಣ ಸರಿಯಾಗಿ ಬರುತ್ತಿರಲಿಲ್ಲ. ಊಟ, ವಸತಿಯ ಬಾಕಿ ಬೆಳೆದಾಗ ಅವನು ಸಾಲೊಮನ್ನನ ಬಾಗಿಲಿಗೆ ಹೋಗುತ್ತಿದ್ದನು. ಸಾಲೊಮನ್ ಕೈಗಡ ಕೊಡುತ್ತಿದ್ದನು, ಬಡ್ಡಿ ಮಾತ್ರ ಒಲ್ಲೆನೆನ್ನುತ್ತಿದ್ದನು. ಏನನ್ನೂ ತೆಗೆದುಕೊಳ್ಳದ ಆ ಮನುಷ್ಯನ ಹತ್ತಿರ ಮತ್ತೆ ಹೋಗಲು ನಾಚಿಕೆಯಾಗುತ್ತದೆ ಎಂಬಂತೆ ಮ್ಯಾಡಿಸನ್ 1782ರಲ್ಲಿ ಗೆಳೆಯನಿಗೆ ಪತ್ರ ಬರೆದನು. ಇದೇ ಮ್ಯಾಡಿಸನ್ ಮುಂದೆ ಅಮೆರಿಕದ ನಾಲ್ಕನೆಯ ಅಧ್ಯಕ್ಷನಾದನು. ಸಾಲೊಮನ್ನನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಸಂಗ ಇದು. ಏಕೆಂದರೆ ಇದನ್ನು ಸಾಲ ಪಡೆದವನೇ ಬರೆದಿದ್ದಾನೆ.

ಸಾಲೊಮನ್ನನ ಬಗ್ಗೆ ಹೇಳುವ ಕತೆಗಳೆಲ್ಲ ಹೀಗೆ ಆಧಾರವುಳ್ಳವಲ್ಲ. 1781ರಲ್ಲಿ ಸೇನಾಪತಿ ವಾಷಿಂಗ್ಟನ್ ಯಾರ್ಕ್‌ಟೌನ್ ಎಂಬಲ್ಲಿಗೆ ಸೈನ್ಯ ನಡೆಸಬೇಕಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಸಾಲೊಮನ್ನನನ್ನು ಕರೆಯಿರಿ ಎಂದನಂತೆ. ಸಾಲೊಮನ್ 20 ಸಾವಿರ ಡಾಲರ್ ತಂದು ಸುರಿದನಂತೆ. ಕೇಳಲು ಚೆನ್ನಾಗಿದೆ. ಆ ಕಾಲದ ಕಾಗದಪತ್ರಗಳಲ್ಲಿ ಮಾತ್ರ ಇದು ಸಿಗುವುದಿಲ್ಲ. ಆಗ ಮಾರಿಸನು ಫ್ರೆಂಚ್ ಸೈನ್ಯದ ಖಜಾನೆಯಿಂದ 20 ಸಾವಿರ ಡಾಲರ್ ಕಡ ತಂದನೆಂಬುದಕ್ಕೆ ದಾಖಲೆಯಿದೆ. ಸಾಲೊಮನ್ ತನ್ನ ಗಂಟಿನಿಂದಲೇ ಸರಕಾರಕ್ಕೆ ಲಕ್ಷಗಟ್ಟಲೆ ಕೊಟ್ಟನೆಂದೂ ಹೇಳುತ್ತಾರೆ. ಅವನ ಕೈಯಿಂದ ಹಾದುಹೋದ ಹಣ ಬಹಳ, ನಿಜ. ಅದರಲ್ಲಿ ಹೆಚ್ಚಿನದು ಹುಂಡಿ ಮಾರಿ ಬಂದ ಸರಕಾರದ ಹಣವೇ ಎಂದು ಇತಿಹಾಸಕಾರರು ಹೇಳುತ್ತಾರೆ. ಇದರಿಂದ ಅವನೇನೂ ಸಣ್ಣವನಾಗಲಿಲ್ಲ. ಮನೆಯ ಬಾಗಿಲಲ್ಲಿ ಸಾಲಗಾರರು ನಿಂತಿರುವಾಗ, ಪರರ ಹಣವನ್ನು ಎಣಿಸಿ ತಪ್ಪದೆ ಒಪ್ಪಿಸುವುದು ಸಣ್ಣ ಕೆಲಸವೇ?

ಇಷ್ಟಾದರೂ ಆ ರಾಜ್ಯದ ವಿಧಾನಸಭೆಯ ಬಾಗಿಲು ಅವನಿಗೆ ಮುಚ್ಚಿತ್ತು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ 1776ರ ಸಂವಿಧಾನದ ಪ್ರಕಾರ, ಸಭೆಯ ಸದಸ್ಯನಾಗುವವನು ಕ್ರೈಸ್ತರ ಹೊಸ ಒಡಂಬಡಿಕೆಯೂ ದೇವರ ಪ್ರೇರಣೆಯಿಂದ ಬಂದುದೆಂದು ಪ್ರಮಾಣ ಮಾಡಬೇಕಾಗಿತ್ತು. ಯೆಹೂದಿಗಳು ಹಾಗೆ ಪ್ರಮಾಣ ಮಾಡುವಂತಿಲ್ಲ. 1783ರ ಡಿಸೆಂಬರಿನಲ್ಲಿ ಸಾಲೊಮನ್ ತನ್ನ ಸಮುದಾಯದ ಇನ್ನು ನಾಲ್ವರೊಡನೆ ಸೇರಿ ಇದನ್ನು ತೆಗೆಯಬೇಕೆಂದು ಅರ್ಜಿ ಕೊಟ್ಟನು. ಯುದ್ಧದಲ್ಲಿ ನಾವೂ ಕಷ್ಟಪಟ್ಟಿದ್ದೇವೆ, ನಮಗೂ ಸಮಾನ ಹಕ್ಕು ಬೇಕು ಎಂಬುದು ಅವರ ವಾದ. ಆಗ ಅದು ಫಲಿಸಲಿಲ್ಲ. 1790ರ ಹೊಸ ಸಂವಿಧಾನದಲ್ಲಿ ಆ ಪ್ರಮಾಣವನ್ನು ಕೈಬಿಟ್ಟರು. ಅದನ್ನು ನೋಡಲು ಸಾಲೊಮನ್ ಇರಲಿಲ್ಲ.

ಅವನ ಆರೋಗ್ಯ ಕೆಟ್ಟಿತ್ತು. ಕ್ಷಯದ ಕೆಮ್ಮು ಬಿಡದೆ ಕಾಡುತ್ತಿತ್ತು. ಆದರೂ ಪೋಲೆಂಡಿನಲ್ಲಿದ್ದ ಮುದಿ ತಂದೆತಾಯಿಗಳಿಗೆ ಹಣ ಕಳಿಸುತ್ತಿದ್ದನು. ಬಂಧುಗಳ ಮಕ್ಕಳಿಗೆ ಓದು ಕಲಿಸಿರೆಂದು ಪತ್ರ ಬರೆಸುತ್ತಿದ್ದನು. 1784ರಲ್ಲಿ ಪಾಲುದಾರನೊಬ್ಬನ ಜೊತೆ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿಯೂ ಕಚೇರಿ ತೆರೆದನು. 1785ರ ಜನವರಿ 6ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡನು. ಆಗ ಅವನಿಗೆ ಸುಮಾರು 45 ವಯಸ್ಸು. ಹೆಂಡತಿ ರೇಚಲಳಿಗೆ ಮೂವರು ಚಿಕ್ಕ ಮಕ್ಕಳು. ನಾಲ್ಕನೆಯದು ಅವಳ ಹೊಟ್ಟೆಯಲ್ಲಿತ್ತು.

ಅವನ ಪೆಟ್ಟಿಗೆ ತೆರೆದು ಲೆಕ್ಕ ಮಾಡಿದರು. ಸರಕಾರದ ಸಾಲಪತ್ರ ಮೊದಲಾದ ಕಾಗದಗಳು ಸಿಕ್ಕವು. ಅವುಗಳ ಮೇಲೆ ಬರೆದಿದ್ದ ಮೊತ್ತವನ್ನು ಕೂಡಿದರೆ 3 ಲಕ್ಷ 53 ಸಾವಿರ ಡಾಲರಿಗಿಂತ ಹೆಚ್ಚು! ಆದರೆ ಪೇಟೆಯಲ್ಲಿ ಆ ದಿನ ಅವುಗಳಿಗೆ ಸಿಗುವ ಬೆಲೆ ಸುಮಾರು 44 ಸಾವಿರ ಮಾತ್ರ. ಅವನು ಕೊಡಬೇಕಾದ ಸಾಲ ಸುಮಾರು 45 ಸಾವಿರ. ಹೆಂಡತಿ ಮಕ್ಕಳಿಗೆ ಏನೂ ಉಳಿಯಲಿಲ್ಲ. ತನ್ನ ಮಾತಿನ ಬಲದಿಂದ ಸರಕಾರದ ಹುಂಡಿಗೆ ಬೆಲೆ ತಂದವನ ಪೆಟ್ಟಿಗೆಯಲ್ಲಿ ಬೆಲೆ ಬಾರದ ಸರಕಾರಿ ಕಾಗದ ತುಂಬಿತ್ತು. ಐದು ವರ್ಷಗಳ ನಂತರ, 1790ರಲ್ಲಿ, ಹೊಸ ಸರಕಾರವು ಯುದ್ಧಕಾಲದ ಸಾಲಗಳ ಹೊಣೆಯನ್ನು ಹೊತ್ತುಕೊಂಡಿತು. ಹಳೆಯ ಸಾಲಪತ್ರಗಳ ಬೆಲೆ ಏರಿತು. ಇನ್ನೊಂದು ಮಾತು: ಹಣಕಾಸಿನ ಮೇಲ್ವಿಚಾರಕನಾಗಿದ್ದ ರಾಬರ್ಟ್ ಮಾರಿಸನೂ ಮುಂದೆ ಭೂಮಿಯ ವ್ಯಾಪಾರದಲ್ಲಿ ಸೋತು, ಸಾಲ ತೀರಿಸಲಾಗದೆ 1798ರಿಂದ 1801ರವರೆಗೆ ಸೆರೆಮನೆಯಲ್ಲಿದ್ದನು.

ತಂದೆ ಸತ್ತ ಮೇಲೆ ಹುಟ್ಟಿದ ಮಗನಿಗೆ ತಂದೆಯ ಹೆಸರನ್ನೇ ಇಟ್ಟರು. ಅವನು ದೊಡ್ಡವನಾಗಿ, ತಂದೆಗೆ ಬರಬೇಕಾದುದನ್ನು ಕೊಡಿ ಎಂದು ಕಾಂಗ್ರೆಸ್ಸಿಗೆ ವರ್ಷಗಟ್ಟಲೆ ಅರ್ಜಿ ಬರೆದನು. ಕೆಲವು ಸಮಿತಿಗಳು ಅವನ ಮಾತನ್ನು ಒಪ್ಪಿದವು. ಹಣ ಮಾತ್ರ ಬರಲಿಲ್ಲ. ಬಹಳ ಕಾಲದ ಬಳಿಕ ಗೌರವ ಬಂತು. 1941ರಲ್ಲಿ ಷಿಕಾಗೋ ನಗರದಲ್ಲಿ ವಾಷಿಂಗ್ಟನ್, ಮಾರಿಸ್, ಸಾಲೊಮನ್ ಮೂವರೂ ಜೊತೆಯಾಗಿ ನಿಂತಿರುವ ಪ್ರತಿಮೆಯನ್ನು ಸ್ಥಾಪಿಸಿದರು. 1975ರಲ್ಲಿ ಅವನ ನೆನಪಿಗೆ 10 ಸೆಂಟಿನ ಅಂಚೆಚೀಟಿ ಹೊರಬಂತು. ಅವನು ಮಾಡಿದ ಕೆಲಸವನ್ನು ಆ ಚೀಟಿಯ ಹಿಂಬದಿಯಲ್ಲಿ, ಅಂಟಿನ ಬದಿಯಲ್ಲಿ, ಅಚ್ಚು ಹಾಕಿದ್ದರು. ಫಿಲಡೆಲ್ಫಿಯಾದ ಹಳೆಯ ಯೆಹೂದಿ ಸ್ಮಶಾನದಲ್ಲಿ ಅವನನ್ನು ಹೂಳಿದ್ದಾರೆ. ಅವನ ಗೋರಿ ಇಂಥದೇ ಎಂದು ತೋರಿಸುವ ಅಂದಿನ ಕಲ್ಲು ಅಲ್ಲಿಲ್ಲ.

ಶಬ್ದಾರ್ಥಗಳು

ದಲಾಲಿ – ದಲ್ಲಾಳಿಯು ತನ್ನ ಕೆಲಸಕ್ಕೆ ಪಡೆಯುವ ಹಣ
ಕುದುರು – ಒಪ್ಪಂದವಾಗು, ಹೊಂದಿಬರು
ವಸಾಹತು – ಬೇರೆ ದೇಶದ ಆಡಳಿತಕ್ಕೆ ಒಳಪಟ್ಟ ನೆಲೆ
ಬೀಡುಬಿಡು – ತಂಗು, ಡೇರೆ ಹಾಕಿಕೊಂಡು ಇರು
ಉದ್ದರಿ – ಹಣ ಆಮೇಲೆ ಕೊಡುವ ಒಪ್ಪಂದದ ವ್ಯಾಪಾರ
ಕೈಗಡ – ಪತ್ರ ಬರೆಯದೆ ಕೊಡುವ ಸಾಲ
ಸಾಲಪತ್ರ – ಸಾಲ ಪಡೆದವರು ಬರೆದುಕೊಡುವ ಪತ್ರ

ಅಭ್ಯಾಸ

1. ಜರ್ಮನ್ ಸೇನಾಪತಿಗೆ ಸಾಲೊಮನ್ನನ ಅಗತ್ಯ ಏಕೆ ಬಿತ್ತು?
2. ಅಮೆರಿಕದ ಕಾಂಗ್ರೆಸ್ ಅಚ್ಚು ಹಾಕಿದ ನೋಟುಗಳ ಬೆಲೆ ಬಿದ್ದುಹೋದುದಕ್ಕೆ ಕಾರಣವೇನು?
3. ಸಾಲೊಮನ್ 12,000 ಡಾಲರಿನ ಹುಂಡಿ ಮಾರಿಸಿದರೆ ಅವನಿಗೆ ಸಿಗುವ ದಲಾಲಿ ಎಷ್ಟು? ಲೆಕ್ಕ ಮಾಡಿ.
4. ಪ್ಯಾರಿಸಿನಲ್ಲಿದ್ದ ಹಣ ಹಡಗು ಹತ್ತದೆ ಫಿಲಡೆಲ್ಫಿಯಾದಲ್ಲಿ ಸಿಕ್ಕಿದ್ದು ಹೇಗೆ? ನಿಮ್ಮ ಮಾತುಗಳಲ್ಲಿ ಬರೆಯಿರಿ.
5. ಈ ಪಾಠದಲ್ಲಿ ದಾಖಲೆಯಿರುವ ಸಂಗತಿಗಳೂ ಇವೆ, ಕೇಳಿಬಂದ ಕತೆಗಳೂ ಇವೆ. ಎರಡೆರಡನ್ನು ಆರಿಸಿ ಬರೆಯಿರಿ. ಹೇಗೆ ಗುರುತಿಸಿದಿರಿ?
6. ಮ್ಯಾಡಿಸನ್ನನಿಗೆ ಮತ್ತೆ ಸಾಲ ಕೇಳಲು ನಾಚಿಕೆಯಾದುದು ಏಕೆ?

ಮಾಡಿ ನೋಡಿ

ನಾಲ್ವರು ಗೆಳೆಯರು ಸೇರಿ ಹುಂಡಿಯ ಆಟ ಆಡಿ. ಒಬ್ಬರು ಮಾರಿಸ್, ಒಬ್ಬರು ದಲ್ಲಾಳಿ, ಒಬ್ಬರು ಬಟ್ಟೆ ವರ್ತಕ, ಒಬ್ಬರು ಪ್ಯಾರಿಸಿನ ಸಾಹುಕಾರ. ಬೆಳ್ಳಿಯ ಬದಲು ಹುಣಸೆಬೀಜ ಇಟ್ಟುಕೊಳ್ಳಿ. ಒಂದು ಸಲ ಪ್ಯಾರಿಸಿನ ಸಾಹುಕಾರನು ಹುಂಡಿಗೆ ಹಣ ಕೊಡಲೊಲ್ಲೆನೆನ್ನಲಿ. ಮುಂದಿನ ಹುಂಡಿಗೆ ವರ್ತಕನು ಎಷ್ಟು ಬೀಜ ಕೊಡಲು ಒಪ್ಪುತ್ತಾನೆ, ದಲ್ಲಾಳಿಯು ಅವನಿಗೆ ಏನು ಹೇಳುತ್ತಾನೆ, ಆಡಿ ನೋಡಿ ಬರೆಯಿರಿ.